ಘಟ್ಟದ ಇಳಿತ ಮತ್ತು ಬ್ರೇಕಿನ ನಡುಕ: ಕಾರವಾರ–ಅಂಕೋಲೆ ದಾರಿಗಳನ್ನು ಕುರಿತ ಒಂದು ಐತಿಹಾಸಿಕ ವಿವೇಚನೆ

ಉತ್ತರ ಕನ್ನಡ ಜಿಲ್ಲೆಯ ಚರಿತ್ರೆಯನ್ನು ಬರೆದವರು ಅದರ ಬಂದರಗಳನ್ನೂ ದೇವಾಲಯಗಳನ್ನೂ ಶಾಸನಗಳನ್ನೂ ಕುರಿತು ಬಹಳವಾಗಿ ವಿಚಾರಮಾಡಿರುವರು. ಘಟ್ಟದ ಮೇಲಿನ ಸೀಮೆಯನ್ನು ಕರಾವಳಿಯೊಡನೆ ಕೂಡಿಸಿದ ದಾರಿಗಳ ವಿಷಯವೂ ಅಲ್ಲಲ್ಲಿ ಪ್ರಸ್ತಾಪಿತವಾಗಿದೆ. ಆದರೆ ಆ ದಾರಿಗಳಲ್ಲಿ ಭಾರವನ್ನು ತಡೆದು ತಡೆದು ಕೆಳಗಿಳಿಸಿದ ಬಗೆ ಯಾವುದು, ಹಾಗೆ ತಡೆಯುವಾಗ ತೋರಿದ ದೋಷಗಳನ್ನು ಜನರು ಹೇಗೆ ಗುರುತಿಸಿದರು ಎಂಬ ಪ್ರಶ್ನೆಯು ಇತಿಹಾಸದ ವಿಷಯವೆಂದು ಪರಿಗಣಿತವಾದುದು ವಿರಳ. ಬ್ರೇಕು ಒತ್ತಿದೊಡನೆ ಕಾರು ನಡುಗುವುದೆಂಬುದು ಇಂದು ಕಾರವಾರ, ಅಂಕೋಲೆಗಳ ದುರಸ್ತಿ ಅಂಗಡಿಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ದೂರು. ಈ ದೂರನ್ನೇ ಆಧಾರವಾಗಿಟ್ಟುಕೊಂಡು ಮೇಲಿನ ಪ್ರಶ್ನೆಯನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಡುಕವು ಕಾಣಿಸಿಕೊಂಡ ದಿನವೇ ಅದರ ಕಾರಣ ಹುಟ್ಟಿದ ದಿನವಲ್ಲ. ಅದು ಹಿಂದೆ ಇಳಿದ ದಾರಿ, ಹಿಂದೆ ಮಾಡಿದ ದುರಸ್ತಿ, ಹಿಂದೆ ನಿಂತ ತಾಣ ಇವುಗಳಿಂದ ಲೋಹದ ಮೇಲೆ ಮೂಡಿದ ಒಂದು ದಾಖಲೆ. ಆದುದರಿಂದ ಅದರ ಪರೀಕ್ಷೆಯು ಯಂತ್ರವಿದ್ಯೆಯ ಕಾರ್ಯವಾಗಿರುವಂತೆಯೇ ಆಧಾರಗಳನ್ನು ತೂಗಿ ನೋಡುವ ಕಾರ್ಯವೂ ಆಗಿದೆ. ಈ ಮಾತನ್ನು ಸಮರ್ಥಿಸುವ ಮೊದಲು ದಾರಿಗಳ ಪೂರ್ವವೃತ್ತಾಂತವನ್ನು ಸಂಕ್ಷೇಪವಾಗಿ ನೋಡುವುದು ಅವಶ್ಯ.

೧. ಹೇರೆತ್ತಿನಿಂದ ಬಂಡಿಗೆ

ಕಾರವಾರದ ಬಂದರವು ಯುರೋಪಿಯನ್ನರ ಕಣ್ಣಿಗೆ ಬಿದ್ದುದು ಹದಿನೇಳನೆಯ ಶತಮಾನದಲ್ಲಿ. ೧೬೩೮ರಲ್ಲಿ ಕೋರ್ಟೀನನ ವ್ಯಾಪಾರಿ ಸಂಘವು ಇಲ್ಲಿ ಕೋಠಿಯನ್ನು ತೆರೆಯಿತು. ಮೆಣಸೂ ಘಟ್ಟದ ಮೇಲಿನ ಬಟ್ಟೆಯೂ ಅದರ ಮುಖ್ಯ ಸರಕುಗಳು. ಆ ಕಾಲದಲ್ಲಿ ಘಟ್ಟ ಇಳಿಯುವ ಸರಕಿಗೆ ಹೇರೆತ್ತುಗಳೇ ಗತಿ. ಹೇರೆತ್ತಿಗೆ ಬ್ರೇಕು ಬೇಕಿಲ್ಲ. ಕಡಿದಾದ ಜಾಗದಲ್ಲಿ ಅದರ ಕಾಲುಗಳೇ ಭಾರವನ್ನು ತಡೆಯುವವು. ತಡೆಯುವ ಸಮಸ್ಯೆಯು ಗಾಲಿಯೊಡನೆ ಬಂದಿತು.

ಗಾಲಿಯ ದಾರಿಗಳು ಈ ಜಿಲ್ಲೆಯಲ್ಲಿ ಮಹತ್ವ ಪಡೆದುದು ಹತ್ತಿಯ ನಿಮಿತ್ತವಾಗಿ. ೧೮೬೧ರಿಂದ ೧೮೬೫ರವರೆಗೆ ನಡೆದ ಅಮೇರಿಕದ ಅಂತರ್ಯುದ್ಧದಿಂದ ಲ್ಯಾಂಕಾಶೈರಿನ ಗಿರಣಿಗಳಿಗೆ ಹತ್ತಿಯ ಪೂರೈಕೆ ನಿಂತಿತು. ಧಾರವಾಡ ಸೀಮೆಯ ಹತ್ತಿಯನ್ನು ಸಮೀಪದ ಸಮುದ್ರತೀರಕ್ಕೆ ತರಬೇಕೆಂದು ಮ್ಯಾಂಚೆಸ್ಟರಿನ ವರ್ತಕರು ಒತ್ತಾಯಪಡಿಸಿದರು. ಕಾರವಾರವನ್ನು ಬಂದರವಾಗಿ ಬೆಳೆಸುವ ಯೋಜನೆಗೆ ಇದೇ ಪ್ರೇರಣೆ. ಅದುವರೆಗೆ ಮದ್ರಾಸು ಇಲಾಖೆಯಲ್ಲಿದ್ದ ಉತ್ತರ ಕನ್ನಡವು ೧೮೬೨ರಲ್ಲಿ ಮುಂಬಯಿ ಇಲಾಖೆಗೆ ಸೇರಿತು. ಅನಂತರ ಕಾರವಾರವು ಜಿಲ್ಲೆಯ ಮುಖ್ಯಸ್ಥಳವಾಯಿತು. ಅರಬೈಲು, ಕೈಗಾ, ದೇವಿಮನೆ ಮುಂತಾದ ಘಟ್ಟಗಳ ಹೆಸರುಗಳು ಸರಕಾರದ ಕಾಗದಪತ್ರಗಳಲ್ಲಿ ಮತ್ತೆ ಮತ್ತೆ ಬರುವುದು ಈ ಹಿನ್ನೆಲೆಯಲ್ಲಿ.

ಹತ್ತಿಯ ಅಂಡಿಗೆಗಳನ್ನು ಹೇರಿದ ಬಂಡಿಯು ಇಳಿಜಾರಿನಲ್ಲಿ ಎತ್ತುಗಳನ್ನೇ ಮುಂದಕ್ಕೆ ತಳ್ಳುವುದು. ಅದನ್ನು ತಡೆಯಲು ಘಟ್ಟದ ದಾರಿಗಳಲ್ಲಿ ಬಂಡಿಯವರು ಬಳಸಿದ ಉಪಾಯಗಳು ಎರಡು. ಭಾರವಾದ ಮರದ ತುಂಡನ್ನು ಬಂಡಿಯ ಹಿಂದೆ ಕಟ್ಟಿ ಎಳೆಯಿಸುವುದು ಒಂದು. ಮರದ ಅಡ್ಡಪಟ್ಟಿಯೊಂದನ್ನು ಹಗ್ಗದಿಂದ ಬಿಗಿದು ಗಾಲಿಯ ಕಬ್ಬಿಣದ ಹಳಿಗೆ ಒತ್ತುವುದು ಇನ್ನೊಂದು. ಎರಡನೆಯದು ಇಂದಿನ ಬ್ರೇಕಿನ ಪೂರ್ವರೂಪ. ಗಾಲಿಯ ಹೊರಸುತ್ತು ಸರಿಯಾದ ವೃತ್ತವಾಗಿದ್ದರೆ ಅಡ್ಡಪಟ್ಟಿಯು ಒಂದೇ ಸಮನಾಗಿ ಉಜ್ಜುವುದು. ಮರವು ಒಣಗಿ ಸಂದು ಬಿಟ್ಟು ಒಂದೆಡೆ ಉಬ್ಬಿದ್ದರೆ ಗಾಲಿಯ ಒಂದೊಂದು ಸುತ್ತಿಗೆ ಒಂದೊಂದು ಪೆಟ್ಟು ತಪ್ಪದೆ ಬೀಳುವುದು. ಸುತ್ತಿಗೊಂದು ಪೆಟ್ಟು ಎಂಬ ಈ ಲಕ್ಷಣವು ಅಂದಿನ ಬಂಡಿಗೂ ಇಂದಿನ ಕಾರಿಗೂ ಸಮಾನವೆಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಮುರಗಾಂವದ ರೈಲುಮಾರ್ಗವು ೧೮೮೦ರ ದಶಕದ ಕೊನೆಗೆ ಸಿದ್ಧವಾದ ಮೇಲೆ ಘಟ್ಟದ ಮೇಲಿನ ಸರಕು ಗೋವೆಯ ಕಡೆಗೆ ಹರಿಯಿತು. ಕಾರವಾರ, ಕುಮಟೆಗಳ ವ್ಯಾಪಾರ ಇಳಿಮುಖವಾಯಿತು. ಹುಬ್ಬಳ್ಳಿ–ಅಂಕೋಲೆಗಳ ನಡುವೆ ೧೯೯೦ರ ದಶಕದಲ್ಲಿ ಮಂಜೂರಾದ ರೈಲುಮಾರ್ಗವು ಇನ್ನೂ ಪೂರ್ಣಗೊಂಡಿಲ್ಲ. ಹೀಗಾಗಿ ಹುಬ್ಬಳ್ಳಿಯಿಂದ ಅಂಕೋಲೆಗೆ ನೇರವಾಗಿ ಇಳಿಯುವ ಭಾರವೆಲ್ಲವೂ ಇಂದಿಗೂ ಗಾಲಿ ಮತ್ತು ಬ್ರೇಕುಗಳನ್ನೇ ನಂಬಿದೆ. ಈ ಶತಮಾನದ ಮೊದಲ ದಶಕದಲ್ಲಿ ಬಳ್ಳಾರಿ, ಹೊಸಪೇಟೆಗಳ ಕಬ್ಬಿಣದ ಅದಿರು ಅಂಕೋಲೆ ತಾಲ್ಲೂಕಿನ ಬೇಲೇಕೇರಿ ಬಂದರಕ್ಕೆ ಲಾರಿಗಳಲ್ಲಿ ಬಂದುದೂ, ೨೦೧೦ರಲ್ಲಿ ರಾಜ್ಯ ಸರಕಾರವು ಅದಿರಿನ ರಫ್ತನ್ನು ತಡೆದುದೂ ಎಲ್ಲರಿಗೂ ತಿಳಿದ ಸಂಗತಿಗಳು. ಹತ್ತಿಯ ದಾರಿಯೇ ಅದಿರಿನ ದಾರಿಯಾಯಿತು. ತಡೆಯಬೇಕಾದ ಭಾರ ಮಾತ್ರ ಹಲವು ಪಟ್ಟು ಹೆಚ್ಚಿತು.

೨. ಮರದ ಪಟ್ಟಿಯಿಂದ ಲೋಹದ ತಟ್ಟೆಗೆ

ಬಂಡಿಯ ಬ್ರೇಕು ಗಾಲಿಯ ಹೊರಮೈಯನ್ನು ಒತ್ತುತ್ತಿತ್ತು. ಮೋಟಾರು ವಾಹನದಲ್ಲಿ ಬ್ರೇಕು ಗಾಲಿಯ ಒಳಗೆ ಸೇರಿತು. ೧೯೦೨ರಲ್ಲಿ ಫ್ರಾನ್ಸಿನ ಲೂಯಿ ರೆನೋ ಡ್ರಮ್ ಬ್ರೇಕನ್ನು ರೂಪಿಸಿದನು. ತಿರುಗುವ ಕಬ್ಬಿಣದ ಡೋಲಿನೊಳಗೆ ಎರಡು ಅರ್ಧಚಂದ್ರಾಕಾರದ ಶೂಗಳು ಹೊರಕ್ಕೆ ಅಗಲಿ ಉಜ್ಜುವುದು ಇದರ ಕ್ರಮ. ಅದೇ ವರ್ಷ ಇಂಗ್ಲೆಂಡಿನ ಲ್ಯಾಂಚೆಸ್ಟರನು ತಿರುಗುವ ತಟ್ಟೆಯೊಂದನ್ನು ಎರಡು ಬದಿಗಳಿಂದ ಹಿಡಿಯುವ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದನು. ಲೋಹಕ್ಕೆ ಲೋಹ ಉಜ್ಜಿ ಕರ್ಕಶವಾದ ಸದ್ದಾಗುತ್ತಿದ್ದುದರಿಂದ ಅದು ಆಗ ಬಳಕೆಗೆ ಬರಲಿಲ್ಲ. ಹರ್ಬರ್ಟ್ ಫ್ರೂಡನು ಕಲ್ನಾರಿನ ಲೈನರುಗಳನ್ನು ಬಳಕೆಗೆ ತಂದ ಮೇಲೆ ಉಜ್ಜುವ ಮೈಯ ಬಾಳಿಕೆ ಹೆಚ್ಚಿತು. ಕಲ್ನಾರಿನ ಧೂಳು ಪುಪ್ಪುಸಕ್ಕೆ ಮಾರಕವೆಂದು ತಿಳಿದ ಅನಂತರ ಅನೇಕ ದೇಶಗಳಲ್ಲಿ ಅದನ್ನು ಕೈಬಿಡಲಾಯಿತು. ದ್ರವದ ಒತ್ತಡದಿಂದ ನಾಲ್ಕೂ ಗಾಲಿಗಳನ್ನು ತಡೆಯುವ ಕ್ರಮವು ೧೯೨೧ರ ಡ್ಯೂಸನ್‌ಬರ್ಗ್ ಕಾರಿನಲ್ಲಿ ಮೊದಲಾಯಿತು. ೧೯೫೩ರ ಲ ಮಾನ್ ಪಂದ್ಯದಲ್ಲಿ ಡಿಸ್ಕ್ ಬ್ರೇಕುಳ್ಳ ಜಾಗ್ವಾರ್ ಕಾರು ಗೆದ್ದ ಬಳಿಕ ಈ ಬಗೆಯ ಬ್ರೇಕಿಗೆ ಮಾನ್ಯತೆ ದೊರೆಯಿತು.

ನಮ್ಮ ದೇಶದಲ್ಲಿ ಡ್ರಮ್ಮಿನ ಕಾಲವು ದೀರ್ಘವಾಗಿತ್ತು. ೧೯೫೦ರ ದಶಕದ ಕೊನೆಯಿಂದ ೨೦೧೪ರವರೆಗೆ ತಯಾರಾದ ಅಂಬಾಸಡರ್ ಕಾರಿನ ಮೊದಲ ಮಾದರಿಗಳಲ್ಲಿಯೂ ಫಿಯೆಟ್ ಕಾರಿನಲ್ಲಿಯೂ ನಾಲ್ಕು ಗಾಲಿಗಳಿಗೂ ಡ್ರಮ್ಮುಗಳಿದ್ದವು. ೧೯೮೩ರಲ್ಲಿ ಮಾರುತಿ ಕಾರು ಬಂದ ಮೇಲಿನ ದಶಕಗಳಲ್ಲಿ ಮುಂದೆ ಡಿಸ್ಕು, ಹಿಂದೆ ಡ್ರಮ್ಮು ಎಂಬ ಕ್ರಮವು ಸಣ್ಣ ಕಾರುಗಳಲ್ಲಿ ರೂಢವಾಯಿತು.

ಘಟ್ಟದ ದೃಷ್ಟಿಯಿಂದ ಇವೆರಡಕ್ಕೂ ಇರುವ ಭೇದವು ಮುಖ್ಯವಾದುದು. ಡ್ರಮ್ಮು ಕಾದಾಗ ಹಿಗ್ಗಿ ಶೂಗಳಿಂದ ದೂರ ಸರಿಯುವುದು; ಚಾಲಕನ ಪೆಡಲು ಕೆಳಗಿಳಿಯುತ್ತ ಹೋಗುವುದು. ಡಿಸ್ಕು ಕಾದಾಗ ಅದರ ದಪ್ಪವು ಪ್ಯಾಡುಗಳ ಕಡೆಗೇ ಹಿಗ್ಗುವುದು. ಅಲ್ಲದೆ ಅದು ಗಾಳಿಗೆ ತೆರೆದಿರುವುದರಿಂದ ಬೇಗ ತಣಿಯುವುದು. ಹೀಗೆ ಡಿಸ್ಕು ಹೆಚ್ಚು ಭರವಸೆಯದು. ಆದರೆ ಅದರ ಮೈಯಲ್ಲಿ ಅಲ್ಪ ವ್ಯತ್ಯಾಸವಾದರೂ ಅದು ನಡುಕವಾಗಿ ಚಾಲಕನ ಕೈಗೆ ಮುಟ್ಟುವುದು. ನಡುಕದ ದೂರು ಹೆಚ್ಚಿದುದಕ್ಕೆ ಬ್ರೇಕುಗಳು ಕೆಟ್ಟುದೇ ಕಾರಣವಲ್ಲ. ಸೂಕ್ಷ್ಮವಾದ ದೋಷವನ್ನೂ ಪ್ರಕಟಿಸುವಂತೆ ಅವುಗಳ ರಚನೆ ಮಾರ್ಪಟ್ಟುದೂ ಒಂದು ಕಾರಣ.

೩. ಇಳಿತದ ಲೆಕ್ಕ

ಯಲ್ಲಾಪುರವು ಸಮುದ್ರಮಟ್ಟದಿಂದ ೫೦೦ ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಅಲ್ಲಿಂದ ಹೊರಟ ಹೆದ್ದಾರಿಯು ಅರಬೈಲು ಘಟ್ಟವನ್ನಿಳಿದು, ಗುಳ್ಳಾಪುರ, ರಾಮನಗುಳಿ, ಸುಂಕಸಾಳ, ಅಗಸೂರುಗಳ ಮೂಲಕ ಸಾಗಿ, ಅಂಕೋಲೆಯ ಸಮೀಪ ಬಾಳೆಗುಳಿಯಲ್ಲಿ ಕರಾವಳಿಯ ಹೆದ್ದಾರಿಯನ್ನು ಕೂಡುವುದು. ಇದರ ಇಳಿತವೆಲ್ಲವೂ ಎಲ್ಲಿಯಾದರೂ ಉಷ್ಣವಾಗಿ ವ್ಯಯವಾಗಲೇಬೇಕು. ಒಂದು ಸಾವಿರ ಕಿಲೋಗ್ರಾಂ ತೂಕದ ಕಾರು ಒಂದೇ ವೇಗದಲ್ಲಿ ೧೦೦ ಮೀಟರ್ ಕೆಳಗಿಳಿದಾಗ ಸುಮಾರು ೧೦ ಲಕ್ಷ ಜೂಲ್ ಶಕ್ತಿಯನ್ನು ತಡೆಯಬೇಕಾಗುವುದು. ಬ್ರೇಕಿನ ಕಬ್ಬಿಣವು ಒಟ್ಟು ೨೦ ಕಿಲೋಗ್ರಾಂ ಎಂದಿಟ್ಟುಕೊಂಡು, ಉಷ್ಣವೆಲ್ಲವೂ ಅದರಲ್ಲಿಯೇ ಉಳಿಯಿತೆಂದು ಎಣಿಸಿದರೆ, ಅದರ ತಾಪವು ನೂರು ಡಿಗ್ರಿ ಸೆಂಟಿಗ್ರೇಡಿನಷ್ಟು ಏರುವುದು. ವಾಸ್ತವದಲ್ಲಿ ಗಾಳಿಯೂ ಎಂಜಿನ್ನಿನ ತಡೆಯೂ ಇದರಲ್ಲಿ ಪಾಲು ತೆಗೆದುಕೊಳ್ಳುವವು. ಕೆಳ ಗೇರಿನಲ್ಲಿ ಇಳಿಯುವವನು ಈ ಉಷ್ಣದ ಬಹುಭಾಗವನ್ನು ಎಂಜಿನ್ನಿಗೆ ವಹಿಸುವನು. ಮೇಲಿನ ಗೇರಿನಲ್ಲಿ ಕಾಲನ್ನು ಬ್ರೇಕಿನ ಮೇಲಿಟ್ಟೇ ಇಳಿಯುವವನು ಬ್ರೇಕಿಗೇ ವಹಿಸುವನು. ಒಂದೇ ದಾರಿಯನ್ನಿಳಿದ ಎರಡು ಕಾರುಗಳಲ್ಲಿ ಒಂದು ನಡುಗುವುದಕ್ಕೂ ಇನ್ನೊಂದು ನಡುಗದಿರುವುದಕ್ಕೂ ಕಾರಣವು ಅನೇಕ ವೇಳೆ ಇಲ್ಲಿಯೇ ಇರುವುದು.

ಈ ಉಷ್ಣವು ಡಿಸ್ಕಿನ ಮೇಲೆ ಎರಡು ಬಗೆಯ ಗುರುತುಗಳನ್ನು ಬಿಡುವುದು. ಅತಿಯಾಗಿ ಕಾದ ಜಾಗಗಳು ಮೊದಲನೆಯವು. ಇವು ನೀಲಿಬಣ್ಣದ ಮಚ್ಚೆಗಳಾಗಿ ಕಾಣಿಸುವವು. ಎರಡನೆಯದು, ಕಾದ ಪ್ಯಾಡಿನ ದ್ರವ್ಯವು ಡಿಸ್ಕಿಗೆ ಅಂಟಿಕೊಂಡು ಉಂಟಾದ ಪದರ. ಘಟ್ಟದ ಬುಡದಲ್ಲಿ ಚಹಾಕ್ಕೆಂದು ಕಾರನ್ನು ನಿಲ್ಲಿಸಿ ಪೆಡಲನ್ನು ಗಟ್ಟಿಯಾಗಿ ಒತ್ತಿಕೊಂಡೇ ಇದ್ದರೆ ಕಾದ ಪ್ಯಾಡಿನ ಅಚ್ಚು ಡಿಸ್ಕಿನ ಒಂದೇ ಜಾಗದಲ್ಲಿ ಮೂಡಬಹುದು. ಮರುದಿನ ಅಂಕೋಲೆಯಿಂದ ಕಾರವಾರಕ್ಕೆ ಹೋಗುವ ಸುಮಾರು ೩೫ ಕಿಲೋಮೀಟರಿನ ದಾರಿಯಲ್ಲಿ ನಡುಕವು ಮೊದಲ ಬಾರಿ ತೋರಿದರೆ ಚಾಲಕನು ಆ ದಾರಿಯನ್ನೇ ದೂಷಿಸುವನು. ಗುರುತು ಮೂಡಿದುದು ಹಿಂದಿನ ದಿನ ಎಂಬುದು ಅವನಿಗೆ ಹೊಳೆಯುವುದಿಲ್ಲ.

ಕರಾವಳಿಯ ಹವೆಯ ಪಾಲನ್ನೂ ಇಲ್ಲಿ ಹೇಳಬೇಕು. ವರ್ಷಕ್ಕೆ ಸುಮಾರು ೩,೦೦೦ ಮಿಲಿಮೀಟರ್ ಮಳೆ ಬೀಳುವ, ಸಮುದ್ರದ ಉಪ್ಪುಗಾಳಿ ಸದಾ ಬೀಸುವ ಈ ಪ್ರದೇಶದಲ್ಲಿ ಡಿಸ್ಕು ಒಂದೇ ರಾತ್ರಿಯಲ್ಲಿ ತುಕ್ಕಿನ ಬಣ್ಣಕ್ಕೆ ತಿರುಗುವುದುಂಟು. ತೆಳುವಾದ ತುಕ್ಕು ಮುಂಜಾನೆಯ ಮೊದಲ ಕೆಲವು ತಡೆಗಳಲ್ಲಿ ಉಜ್ಜಿಹೋಗುವುದರಿಂದ ಅದರ ಚಿಂತೆ ಬೇಡ. ವಾರಗಟ್ಟಲೆ ನಿಂತ ಕಾರಿನಲ್ಲಿ ಪ್ಯಾಡಿನ ಕೆಳಗೆ ಹಿಡಿದ ತುಕ್ಕು ಮಾತ್ರ ಆಳಕ್ಕಿಳಿದು ಅಚ್ಚಿನಂತೆ ನಿಲ್ಲುವುದು. ಪ್ಯಾಡನ್ನು ಸರಿಸುವ ಪಿನ್ನುಗಳು ತುಕ್ಕಿನಿಂದ ಬಿಗಿದರೆ ಪ್ಯಾಡು ಹಿಂದೆ ಸರಿಯದೆ ಡಿಸ್ಕನ್ನು ಸದಾ ಉಜ್ಜುತ್ತಿರುವುದು.

೪. ನಡುಕದ ಪರೀಕ್ಷಾಕ್ರಮ

ಇನ್ನು ದೋಷವನ್ನು ಗುರುತಿಸುವ ಕ್ರಮವನ್ನು ನೋಡೋಣ. ಇದು ಪ್ರಶ್ನೆಗಳನ್ನು ಕ್ರಮವಾಗಿ ಕೇಳುವ ಕೆಲಸ. ಕ್ರಮ ತಪ್ಪಿದರೆ ಉತ್ತರವೂ ತಪ್ಪುವುದು.

ಮೊದಲನೆಯ ಪ್ರಶ್ನೆ: ಬ್ರೇಕು ಒತ್ತದೆ ಇದ್ದಾಗಲೂ ನಡುಕವಿದೆಯೇ? ಇದ್ದರೆ ಟಾಯರು, ಗಾಲಿಯ ಸಮತೂಕ ಇವುಗಳನ್ನು ಮೊದಲು ನೋಡಬೇಕು. ಒತ್ತಿದಾಗ ಮಾತ್ರ ಇದ್ದರೆ ಬ್ರೇಕಿನ ಕಡೆಗೆ ತಿರುಗಬೇಕು.

ಎರಡನೆಯದು: ನಡುಕವು ಎಲ್ಲಿ ತಿಳಿಯುವುದು? ಸ್ಟಿಯರಿಂಗಿನಲ್ಲಿ ತಿಳಿದರೆ ಮುಂದಿನ ಗಾಲಿಗಳನ್ನೂ ಆಸನದಲ್ಲಿ ತಿಳಿದರೆ ಹಿಂದಿನ ಗಾಲಿಗಳನ್ನೂ ಶಂಕಿಸಬೇಕು. ಪೆಡಲು ಕಾಲಿನ ಕೆಳಗೆ ಮೇಲೆ ಕೆಳಗೆ ಆಡುತ್ತಿದ್ದರೆ ಡಿಸ್ಕಿನ ದಪ್ಪದಲ್ಲಿಯೋ ಡ್ರಮ್ಮಿನ ವೃತ್ತದಲ್ಲಿಯೋ ವ್ಯತ್ಯಾಸವಿರುವುದು ಸಂಭವನೀಯ. ಸಂಚಾರವಿಲ್ಲದ ಸಮತಟ್ಟಾದ ಜಾಗದಲ್ಲಿ, ಕಡಿಮೆ ವೇಗದಲ್ಲಿ, ಕೈಬ್ರೇಕಿನ ಗುಂಡಿಯನ್ನು ಒತ್ತಿಹಿಡಿದು ಅದನ್ನು ಮೆಲ್ಲಗೆ ಎಳೆದು ನೋಡಿದರೆ ಹಿಂದಿನ ಬ್ರೇಕುಗಳನ್ನು ಪ್ರತ್ಯೇಕವಾಗಿ ಪರೀಕ್ಷಿಸಿದಂತಾಗುವುದು. ಘಟ್ಟದಲ್ಲಿಯೂ ಒದ್ದೆಯಾದ ದಾರಿಯಲ್ಲಿಯೂ ಈ ಪ್ರಯೋಗ ಸಲ್ಲದು.

ಮೂರನೆಯದು: ನಡುಕದ ಎಣಿಕೆಯು ವೇಗದೊಡನೆ ಬದಲಾಗುವುದೇ? ಗಾಲಿಯ ಸುತ್ತಳತೆ ೧.೮ ಮೀಟರ್ ಇದ್ದರೆ, ಗಂಟೆಗೆ ೬೦ ಕಿಲೋಮೀಟರ್ ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು ೯ ಸುತ್ತು ತಿರುಗುವುದು. ೩೬ ಕಿಲೋಮೀಟರ್ ವೇಗದಲ್ಲಿ ಐದೂವರೆ ಸುತ್ತು. ಡಿಸ್ಕಿನಲ್ಲಿ ಒಂದು ದಪ್ಪ ಜಾಗವಿದ್ದರೆ ಸುತ್ತಿಗೊಂದು ಪೆಟ್ಟು, ಎರಡಿದ್ದರೆ ಎರಡು. ಹತ್ತಿಯ ಬಂಡಿಯ ಉಬ್ಬಿದ ಗಾಲಿ ಹೇಳುತ್ತಿದ್ದುದೂ ಇದನ್ನೇ. ಇದಕ್ಕೆ ಭಿನ್ನವಾಗಿ, ಬಲವಾಗಿ ಒತ್ತಿದಾಗ ಅಥವಾ ಜಾರುವ ನೆಲದಲ್ಲಿ ಮಾತ್ರ ಪೆಡಲು ಪಟಪಟನೆ ಮಿಡಿದರೆ ಅದು ಎಬಿಎಸ್ ವ್ಯವಸ್ಥೆಯ ಸಹಜ ಕಾರ್ಯ, ದೋಷವಲ್ಲ. ೧೯೭೮ರಲ್ಲಿ ಜರ್ಮನಿಯ ಕಾರುಗಳಲ್ಲಿ ಮೊದಲಾದ ಈ ವ್ಯವಸ್ಥೆಯು ನಮ್ಮಲ್ಲಿ ೨೦೧೯ರಿಂದ ಹೊಸ ಕಾರುಗಳಿಗೆ ಕಡ್ಡಾಯವಾಗಿದೆ.

ನಾಲ್ಕನೆಯದು: ನಡುಕವು ತಣ್ಣಗಿರುವಾಗಲೂ ಇದೆಯೇ, ಕಾದಾಗ ಮಾತ್ರವೇ? ಇಳಿದ ಮೇಲೆ ತೋರಿ, ತಣಿದ ಮೇಲೆ ಮಾಯವಾದರೆ ಉಷ್ಣವೇ ನೇರವಾದ ಕಾರಣ. ಮುಂಜಾನೆಯೂ ಇದ್ದರೆ ಲೋಹದ ಮೈಯಲ್ಲಿ ಸ್ಥಿರವಾದ ವ್ಯತ್ಯಾಸ ಉಂಟಾಗಿದೆಯೆಂದು ತಿಳಿಯಬೇಕು.

ಇಷ್ಟಾದ ಮೇಲೆಯೇ ಅಳತೆ. ಡಿಸ್ಕಿನ ಸುತ್ತ ಎಂಟು ಜಾಗಗಳಲ್ಲಿ ಮೈಕ್ರೋಮೀಟರಿನಿಂದ ದಪ್ಪವನ್ನು ಅಳೆಯಬೇಕು. ಮಿಲಿಮೀಟರಿನ ನೂರರಲ್ಲಿ ಎರಡು ಭಾಗದಷ್ಟು ವ್ಯತ್ಯಾಸವೇ ನಡುಕಕ್ಕೆ ಸಾಕಾಗುವುದುಂಟು. ಕಣ್ಣಿಗೂ ಬೆರಳಿಗೂ ಇದು ನಿಲುಕುವಂತಹದಲ್ಲ. ಬಳಿಕ ಡಯಲ್ ಗೇಜಿನಿಂದ ಡಿಸ್ಕಿನ ಓಲಾಟವನ್ನು ಅಳೆಯಬೇಕು.

೫. ರೂಢಿಯ ನಿರ್ಣಯ ಮತ್ತು ಅದರ ವಿಮರ್ಶೆ

ಅಂಗಡಿಗಳಲ್ಲಿ ಈ ದೂರಿಗೆ ದೊರೆಯುವ ರೂಢಿಯ ಉತ್ತರವು ‘ಡಿಸ್ಕು ಬೆಂಡಾಗಿದೆ’ ಎಂಬುದು. ಪರಿಹಾರವೂ ಅಷ್ಟೇ ನಿಶ್ಚಿತ: ಲೇಥಿಗೆ ಹಾಕಿ ಸಮಮಾಡುವುದು, ಇಲ್ಲವೆ ಹೊಸದನ್ನು ಹಾಕುವುದು. ನಡುಕವು ಆಗ ನಿಲ್ಲುವುದು ನಿಜ. ಕೆಲವು ಸಾವಿರ ಕಿಲೋಮೀಟರುಗಳ ಬಳಿಕ ಅದು ಮರಳಿ ಬಂದರೆ ಡಿಸ್ಕಿನ ಗುಣಮಟ್ಟವನ್ನು ದೂರುವುದು ವಾಡಿಕೆ. ಈ ನಿರ್ಣಯವು ಬಹುಮಟ್ಟಿಗೆ ದೋಷಯುಕ್ತವೆಂದೇ ಹೇಳಬೇಕಾಗಿದೆ.

ಏಕೆಂದರೆ ಡಿಸ್ಕು ಬಾಗಿರುವುದಕ್ಕಿಂತಲೂ ಅದರ ದಪ್ಪವು ಸಮವಾಗಿಲ್ಲದಿರುವುದೇ ನಡುಕದ ಸಾಮಾನ್ಯವಾದ ಕಾರಣ. ಆ ಅಸಮತೆ ಹುಟ್ಟುವ ಬಗೆ ಹೀಗಿದೆ. ಡಿಸ್ಕು ಮತ್ತು ಹಬ್ಬುಗಳ ನಡುವೆ ತುಕ್ಕಿನ ಚೂರೊಂದು ಸಿಕ್ಕಿಕೊಂಡಿರಬಹುದು. ಅಥವಾ ಟಾಯರು ಬದಲಿಸಿದವನು ನಟ್ಟುಗಳನ್ನು ಎದುರುಬದುರಾಗಿ ಸಮನಾಗಿ ಬಿಗಿಯದೆ ಒಂದೇ ಕಡೆಯಿಂದ ಅತಿಯಾಗಿ ಬಿಗಿದಿರಬಹುದು. ಆಗ ಡಿಸ್ಕು ಕೂದಲೆಳೆಗಿಂತ ಕಡಿಮೆ ಪ್ರಮಾಣದಲ್ಲಿ ಓಲುತ್ತ ತಿರುಗುವುದು. ಬ್ರೇಕು ಒತ್ತದೆ ಇದ್ದಾಗಲೂ ಅದರ ಒಂದು ಜಾಗವು ಸುತ್ತಿಗೊಮ್ಮೆ ಪ್ಯಾಡನ್ನು ತಾಗಿ ಸವೆಯುವುದು. ಸಾವಿರಾರು ಕಿಲೋಮೀಟರುಗಳ ಬಳಿಕ ಆ ಜಾಗವು ತೆಳುವಾಗಿ ನಡುಕವು ಪ್ರಕಟವಾಗುವುದು. ಅಷ್ಟರಲ್ಲಿ ಟಾಯರು ಬದಲಿಸಿದ ದಿನವನ್ನು ಎಲ್ಲರೂ ಮರೆತಿರುವರು. ಹಬ್ಬಿನ ತುಕ್ಕನ್ನು ತೆಗೆಯದೆ ಹೊಸ ಡಿಸ್ಕನ್ನು ಜೋಡಿಸಿದರೆ ಅದೇ ಚರಿತ್ರೆಯು ಮೊದಲಿನಿಂದ ಪುನರಾವರ್ತನೆಯಾಗುವುದು.

ಶಾಸನಾಭ್ಯಾಸಿಗಳಿಗೆ ಈ ಬಗೆಯ ತಪ್ಪು ಅಪರಿಚಿತವಲ್ಲ. ಪ್ರತಿಯಲ್ಲಿ ಕಂಡ ದೋಷವನ್ನು ಪ್ರತಿಯಲ್ಲಿಯೇ ತಿದ್ದಿ ಮೂಲವನ್ನು ನೋಡದೆ ಬಿಟ್ಟರೆ ಮುಂದಿನ ಪ್ರತಿಯಲ್ಲಿಯೂ ಅದೇ ದೋಷ ಬರುವುದು. ಡಿಸ್ಕು ಪ್ರತಿ, ಹಬ್ಬು ಮೂಲ. ಆದುದರಿಂದ ಪರೀಕ್ಷಕನು ಕಾರಿನ ಒಡೆಯನನ್ನು ಮೊದಲು ಕೇಳಬೇಕಾದುದು, ಟಾಯರನ್ನು ಕೊನೆಯದಾಗಿ ಕಳಚಿದುದು ಯಾವಾಗ, ಯಾವ ಘಟ್ಟವನ್ನು ಯಾವ ಗೇರಿನಲ್ಲಿ ಇಳಿದಿರಿ, ಕಾರು ಎಷ್ಟು ದಿನ ನಿಂತಿತ್ತು ಎಂಬಿವೇ.

೬. ನಡುಕದ ಹಿಂದಿನ ಅಪಾಯ

ನಡುಕವು ತಾನಾಗಿ ಪ್ರಾಣಾಪಾಯಕ್ಕೆ ಕಾರಣವಾಗುವುದು ಅಪರೂಪ. ಅದನ್ನು ಬರೆದ ಉಷ್ಣವೇ ಅಪಾಯಕಾರಿಯಾದುದು. ಬ್ರೇಕಿನ ದ್ರವವು ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ಡಾಟ್ ೩ ಎಂಬ ದರ್ಜೆಯ ದ್ರವವು ಹೊಸದಾಗಿರುವಾಗ ಕನಿಷ್ಠ ೨೦೫ ಡಿಗ್ರಿ ಸೆಂಟಿಗ್ರೇಡಿನವರೆಗೆ ಕುದಿಯಬಾರದೆಂದು ನಿಯಮವಿದೆ. ತೇವ ಹೀರಿದ ಸ್ಥಿತಿಯಲ್ಲಿ ಈ ಮಿತಿಯು ೧೪೦ ಡಿಗ್ರಿ. ಡಾಟ್ ೪ಕ್ಕೆ ಈ ಸಂಖ್ಯೆಗಳು ೨೩೦ ಮತ್ತು ೧೫೫. ಕರಾವಳಿಯ ತೇವದಲ್ಲಿ ವರ್ಷಗಟ್ಟಲೆ ಬದಲಿಸದೆ ಇಟ್ಟ ದ್ರವವು ಘಟ್ಟದ ಇಳಿತದಲ್ಲಿ ಕುದಿದರೆ ಕೊಳವೆಯಲ್ಲಿ ಆವಿ ತುಂಬುವುದು. ಆವಿಯು ಕುಗ್ಗುವುದರಿಂದ ಪೆಡಲು ನೆಲಕ್ಕೆ ತಾಗಿದರೂ ಬ್ರೇಕು ಹಿಡಿಯುವುದಿಲ್ಲ. ಎದುರಿಗೆ ತಿರುವು, ಬದಿಯಲ್ಲಿ ಕಂದರ, ಹಿಂದೆ ಭಾರದ ಲಾರಿ ಇರುವ ದಾರಿಯಲ್ಲಿ ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ.

ಘಟ್ಟ ಇಳಿದ ಬಳಿಕ ತೋರಿದ ನಡುಕವನ್ನು ಲೇಥಿನಲ್ಲಿ ಅಳಿಸಿ ಸುಮ್ಮನಾಗುವುದು ಈ ಕಾರಣದಿಂದ ಅಪಾಯಕರ. ಅದು ಮುನ್ನೆಚ್ಚರಿಕೆಯನ್ನು ಅಳಿಸಿದಂತೆಯೇ ಸರಿ. ಡಿಸ್ಕಿನ ಮೇಲೆ ನೀಲಿ ಮಚ್ಚೆಗಳು ಕಂಡರೆ ದ್ರವವನ್ನೂ ಬದಲಿಸಬೇಕು, ಪಿನ್ನುಗಳನ್ನು ನೋಡಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಚಾಲಕನ ಇಳಿಯುವ ರೀತಿಯನ್ನು ತಿದ್ದಬೇಕು. ಯಾವ ಗೇರಿನಲ್ಲಿ ಏರಬೇಕೋ ಅದೇ ಗೇರಿನಲ್ಲಿ ಇಳಿಯಬೇಕೆಂಬ ಚಾಲಕರ ಹಳೆಯ ನಿಯಮವು ಇಂದಿಗೂ ಪ್ರಮಾಣವಾಗಿದೆ.

೭. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಸಂಗತಿಗಳು ವಿದಿತವಾಗುವವು. ಮೊದಲನೆಯದಾಗಿ, ಕಾರವಾರ–ಅಂಕೋಲೆಗಳ ದಾರಿಗಳಲ್ಲಿ ಹೇರೆತ್ತಿನ ಕಾಲದಿಂದ ಇಂದಿನವರೆಗೆ ತಡೆಯುವ ಸಾಧನಗಳು ಬದಲಾದರೂ ತಡೆಯಬೇಕಾದ ಇಳಿತವು ಬದಲಾಗಿಲ್ಲ. ಎರಡನೆಯದಾಗಿ, ದೋಷವನ್ನು ಓದುವ ಇಂದ್ರಿಯವು ಕಿವಿಯಿಂದ ಕಾಲಿಗೂ ಕೈಗೂ, ಅಲ್ಲಿಂದ ಅಳತೆಯ ಉಪಕರಣಕ್ಕೂ ಸರಿದಿದೆ. ಸುತ್ತಿಗೊಂದು ಪೆಟ್ಟು ಎಂಬ ಮೂಲಲಕ್ಷಣವು ಮಾತ್ರ ಒಂದೇ ಆಗಿದೆ. ಮೂರನೆಯದಾಗಿ, ನಡುಕದ ಕಾರಣವನ್ನು ಅದು ತೋರಿದ ಸ್ಥಳದಲ್ಲಿಯೇ ಹುಡುಕುವವನು ಅದನ್ನು ಕಾಣಲಾರನು.

ಈ ವಿದ್ಯೆಯ ಬಹುಭಾಗವು ಲಿಖಿತವಾಗಿಲ್ಲ. ಮುಂಬಯಿ ಇಲಾಖೆಯ ಗ್ಯಾಸೆಟಿಯರಿನ ಹದಿನೈದನೆಯ ಸಂಪುಟವು ೧೮೮೩ರಲ್ಲಿ ಪ್ರಕಟವಾಗಿ ಈ ಜಿಲ್ಲೆಯ ದಾರಿಗಳನ್ನೂ ಘಟ್ಟಗಳನ್ನೂ ವರ್ಣಿಸಿದೆ. ಆದರೆ ಬಂಡಿಯನ್ನು ಇಳಿಸಿದವನ ಅನುಭವಕ್ಕೂ, ೧೯೫೬ರ ರಾಜ್ಯ ಪುನರ್ವಿಂಗಡಣೆಯ ನಂತರ ಮೈಸೂರು ರಾಜ್ಯದ ಬಸ್ಸುಗಳ ಡ್ರಮ್ಮುಗಳನ್ನು ಲೇಥಿಗೆ ಹಾಕಿದವನ ಅನುಭವಕ್ಕೂ ಅಂತಹ ಸಂಪುಟವಿಲ್ಲ. ಡ್ರಮ್ಮಿನ ಕಾಲವನ್ನು ಕಂಡ ಚಾಲಕರೂ ಮೆಕ್ಯಾನಿಕರೂ ಈಗ ವೃದ್ಧಾಪ್ಯದಲ್ಲಿರುವರು. ಯಲ್ಲಾಪುರ, ಅಂಕೋಲೆ, ಕಾರವಾರಗಳಲ್ಲಿ ಅವರ ಹೇಳಿಕೆಗಳನ್ನು ಸಂಗ್ರಹಿಸಿ, ಅವರು ಬಳಸಿದ ಮಾತುಗಳನ್ನು ಅವರ ಉಚ್ಚಾರದಲ್ಲಿಯೇ ಬರೆದಿಡುವುದು ನಮ್ಮ ವಿಭಾಗಗಳ ವಿದ್ಯಾರ್ಥಿಗಳು ಕೈಗೊಳ್ಳಬಹುದಾದ ಕಾರ್ಯ. ತಡಮಾಡಿದರೆ ಈ ದಾಖಲೆಯು ದೊರೆಯದೆ ಹೋಗುವುದು.